ಬಿಟ್ಟುಹೋದ ಮೊದಲನೆಯ ಅರ್ಥ

ಟೈಲರ್ ಅಂಗಡಿಯ ತಿರುವು ಬರುತ್ತಿದ್ದಂತೆ ಸ್ಕೂಟರು ತಾನಾಗಿಯೇ ನಿಧಾನವಾಯಿತು. ಎಂಟು ವರ್ಷದ ಅಭ್ಯಾಸ. ಬ್ರೇಕು ಒತ್ತಬೇಕೆಂದು ಅವನು ಯೋಚಿಸುವ ಮೊದಲೇ ಕಾಲು ಅದನ್ನು ಒತ್ತಿರುತ್ತಿತ್ತು; ಇಳಿಯಬೇಕೆಂದು ಹಿಂದಿನ ಸೀಟಿನಲ್ಲಿದ್ದ ಅತ್ತಿಗೆ ಯೋಚಿಸುವ ಮೊದಲೇ ಅವರ ಒಂದು ಕಾಲು ನೆಲ ಮುಟ್ಟಿರುತ್ತಿತ್ತು. ಇವತ್ತೂ ಹಾಗೆಯೇ ಇಳಿದರು. ಊಟದ ಡಬ್ಬಿಯ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, "ಹೋಗು, ನಾನು ಬರ್ತೀನಿ" ಎಂದರು. ದಿನಾ ಹೇಳುವ ಮಾತೇ. ಅವನು ಮುಂದೆ ಹೋಗಿ, ನಿಘಂಟು ಕಚೇರಿಯ ಆವರಣದಲ್ಲಿ ಸ್ಕೂಟರು ನಿಲ್ಲಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಸಹಸಂಪಾದಕ ಎಂಬ ಹಲಗೆಯಿದ್ದ ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆಯುವ ಹೊತ್ತಿಗೆ ಏಳೋ ಎಂಟೋ ನಿಮಿಷವಾಗಿರುತ್ತದೆ. ಆಗ ಅತ್ತಿಗೆ ಒಳಗೆ ಬಂದು, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಿ, ಅವನ ಮೇಜಿನ ಪಕ್ಕದಿಂದಲೇ ಹಾದು, ಕಿಟಕಿಯ ಬಳಿ ಇರುವ ತಮ್ಮ ಟೈಪ್ ಮಿಷನ್ನಿನ ಹೊದಿಕೆ ತೆಗೆಯುತ್ತಾರೆ. ಅವರು ಅವನ ತೀರಿಹೋದ ಅಣ್ಣನ ಹೆಂಡತಿ, ಒಂದೇ ಮನೆಯಲ್ಲಿ ಒಂದೇ ಒಲೆಯ ಊಟ ಉಣ್ಣುವವರು ಎಂಬುದು ಆ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಅವನು ನೋಡಿಕೊಂಡಿದ್ದ.

ಇವತ್ತು ಆ ಏಳೆಂಟು ನಿಮಿಷ ಮುಗಿಯದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ನಿನ್ನೆ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅವನು ಒಂದು ವಾಕ್ಯ ಬರೆದು ಪ್ರಧಾನ ಸಂಪಾದಕರ ಮೇಜಿನ ಮೇಲೆ ಇಟ್ಟು ಬಂದಿದ್ದ. 'ಸದರಿ ಪದದ ಮೊದಲನೆಯ ಅರ್ಥವು ಬೆರಳಚ್ಚಿನ ಹಂತದಲ್ಲಿ ಬಿಟ್ಟುಹೋಗಿರುವುದು ಕಂಡುಬಂದಿದೆ.' ಬರೆದ ಮೇಲೆ ಎರಡು ಸಲ ಓದಿದ್ದ, ಬೇರೆಯವರ ಕರಡನ್ನು ಓದುವ ಹಾಗೆ. ಅದರಲ್ಲಿ ಕರ್ತೃವೇ ಇರಲಿಲ್ಲ. ಬಿಟ್ಟವರು ಯಾರು, ಕಂಡವರು ಯಾರು, ಯಾರ ಮೇಲೂ ಬೆರಳು ತೋರಿಸದೆ ವಾಕ್ಯ ಸಭ್ಯವಾಗಿ ಕೈ ಕಟ್ಟಿ ನಿಂತಿತ್ತು. ಇಷ್ಟು ವರ್ಷ ವ್ಯಾಕರಣ ಅರೆದು ಕುಡಿದದ್ದಕ್ಕೆ ಒಂದು ಪ್ರಯೋಜನವಾಯಿತು ಎಂದು ಒಂದು ಗಳಿಗೆ ಹೆಮ್ಮೆಯೂ ಆಗಿತ್ತು. ದೀಪ ಆರಿಸಿ ಮೆಟ್ಟಿಲಿಳಿಯುವಾಗಲೇ ಹೊಳೆದದ್ದು: ಈ ಕಚೇರಿಯಲ್ಲಿ ಬೆರಳಚ್ಚಿನ ಹಂತ ಅಂದರೆ ಒಬ್ಬರೇ ಒಬ್ಬರು. ಹೊಳೆದ ಮೇಲೂ ಅವನು ಹಿಂದಿರುಗಿ ಹತ್ತಲಿಲ್ಲ. ತಿರುವಿನಲ್ಲಿ ಅತ್ತಿಗೆ ಕಾಯುತ್ತಿದ್ದರು. ತಡವಾಯಿತೆಂದು ಅವರು ಕೇಳಲಿಲ್ಲ, ಹತ್ತಿ ಕೂತು, "ಗಾಳಿ ಜಾಸ್ತಿ ಇದೆ, ಕೊರಳಿಗೆ ಏನಾದ್ರೂ ಸುತ್ಕೊಳ್ಬಾರ್ದಾ" ಎಂದಿದ್ದರು.

ಪದ ಬಹಳ ಸಣ್ಣದು. 'ಸಿಲ್ಲಿ.' ಇಂಗ್ಲಿಷು ಬಾರದವರ ಬಾಯಲ್ಲೂ ಆಡುವ ಪದ. ಇಂಗ್ಲಿಷ್-ಕನ್ನಡ ನಿಘಂಟಿನ ಈ ಸಂಪುಟದ ಕರಡನ್ನು ಪರಿಶೀಲನೆಗೆಂದು ಒಬ್ಬ ವೃದ್ಧ ಪ್ರಾಧ್ಯಾಪಕರಿಗೆ ಕಳಿಸಿದ್ದರು. ಅವರು ಉಳಿದದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಮೆಚ್ಚಿ, ಈ ಒಂದು ಪದಕ್ಕೆ ಎರಡು ಪುಟ ಬರೆದಿದ್ದರು. 'ಪೆದ್ದು, ಹುಚ್ಚಾಟದ, ಕ್ಷುಲ್ಲಕ ಎಂದಷ್ಟೇ ಕೊಟ್ಟಿದ್ದೀರಿ. ಸಾವಿರ ವರ್ಷದ ಹಿಂದೆ ಇದೇ ಪದದ ಪೂರ್ವರೂಪಕ್ಕೆ ಧನ್ಯ, ಭಾಗ್ಯವಂತ ಎಂಬ ಅರ್ಥವಿತ್ತು. ಆಮೇಲೆ ಪುಣ್ಯವಂತ ಎಂದಾಯಿತು, ಆಮೇಲೆ ನಿರಪರಾಧಿ, ಆಮೇಲೆ ಯಾರಿಗೂ ಕೇಡು ಮಾಡಲಾರದವನು, ಆಮೇಲೆ ಅಯ್ಯೋ ಪಾಪ ಎನ್ನಿಸಿಕೊಳ್ಳುವವನು, ಕೈಲಾಗದವನು, ಕಟ್ಟಕಡೆಗೆ ಪೆದ್ದ. ಜರ್ಮನ್ ಭಾಷೆಯಲ್ಲಿರುವ ಇದರ ದಾಯಾದಿ ಇಂದಿಗೂ ಧನ್ಯನಾಗಿಯೇ ಉಳಿದಿದೆ. ತೀರಿಹೋದವರನ್ನು ನೆನೆಯುವಾಗಲೂ ಅಲ್ಲಿ ಅದನ್ನೇ ಬಳಸುತ್ತಾರೆ. ಇಷ್ಟು ಮೆಟ್ಟಿಲು ಇಳಿದು ಬಂದ ಪದ ಕೊನೆಯ ಮೆಟ್ಟಿಲಲ್ಲೇ ಹುಟ್ಟಿತು ಎನ್ನುವ ಹಾಗೆ ತೋರಿಸಿದ್ದೀರಿ. ಚಾರಿತ್ರಿಕ ನಿಘಂಟು ಎಂದು ಹೆಸರಿಟ್ಟುಕೊಂಡ ಮೇಲೆ ಇದನ್ನು ಬಿಟ್ಟವರು ಯಾರು?' ಆ ಕೊನೆಯ ಪ್ರಶ್ನೆಯ ಪಕ್ಕಕ್ಕೆ ಪ್ರಧಾನ ಸಂಪಾದಕರು ಹಸಿರು ಶಾಯಿಯಲ್ಲಿ ಒಂದು ಗೆರೆ ಎಳೆದು, 'ವಿವರಣೆ ಕೊಡಿ' ಎಂದು ಬರೆದು ಅವನಿಗೆ ಕಳಿಸಿದ್ದರು.

ಬಿಟ್ಟವರು ಯಾರೂ ಇರಲಿಲ್ಲ. ಹೊಡೆದುಹಾಕಿದವನಿದ್ದ. ಒಂದೂವರೆ ವರ್ಷದ ಹಿಂದೆ, ಚಹಾದ ಹೊತ್ತಿನಲ್ಲಿ, ಅವನು ಆ ದಿನದ ಚೀಟಿಗಳ ಕಟ್ಟನ್ನು ತಿರುವುತ್ತಿದ್ದಾಗ ಈ ಪದದ ಚೀಟಿಯಲ್ಲಿ ಟೈಪಾದ ಅರ್ಥಗಳ ಮೇಲ್ಗಡೆ ದುಂಡನೆಯ ಕೈಬರಹದಲ್ಲಿ, 'ಹಳೆಯ ಅರ್ಥ: ಧನ್ಯ, ಸಾಧು' ಎಂದು ಸೇರಿಸಿದ್ದು ಕಂಡಿತು. ಕೈಬರಹ ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಟೈಪಿಸ್ಟು ಚೀಟಿಯಲ್ಲಿ ಏನನ್ನೂ ಸೇರಿಸುವ ಹಾಗಿರಲಿಲ್ಲ. ಕರೆದು ಮೆಲ್ಲಗೆ ಹೇಳಬಹುದಿತ್ತು. ಅವನು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದ. "ಕೇಳಿದ್ರಾ? ಸಿಲ್ಲಿ ಅಂದ್ರೆ ಸಾಧು ಅಂತೆ. ಗಡ್ಡ ಒಂದು ಬಿಡಿಸಿಬಿಟ್ರೆ ಆಯ್ತು." ಕರಡು ತಿದ್ದುವವರು ನಕ್ಕರು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಅವರನ್ನು ಕಚೇರಿಯಲ್ಲಿ ಅಲ್ಪವಿರಾಮ ಎಂದು ಕರೆಯುತ್ತಿದ್ದರು. ಅವರು ನಕ್ಕರೂ ನಡುವೆ ಒಮ್ಮೆ ನಿಲ್ಲಿಸಿ ನಗುತ್ತಿದ್ದರು. ಅತ್ತಿಗೆ ಕಿಟಕಿಯ ಬಳಿಯಿಂದಲೇ ಹೇಳಿದರು, "ನಮ್ಮಲ್ಲೂ ಹಾಗೇ ಅಲ್ವಾ ಸರ್. ಸಾಧು ಅಂದ್ರೆ ಮೊದ್ಲು ದೊಡ್ಡೋರು, ಕಾಲಿಗೆ ಬೀಳ್ಬೇಕಾದೋರು. ಆಮೇಲೆ ಸಾಧು ಪ್ರಾಣಿ ಅಂದ್ವಿ, ಹಾಯೋಕೆ ಬರಲ್ಲ, ಒದೆಯೋಕೆ ಬರಲ್ಲ ಅಂತ. ಈಗ, ಪಾಪ ಅವನು ಸಾಧು, ಏನೂ ತಿಳಿಯಲ್ಲ ಅಂತೀವಿ. ಇನ್ನೊಂದು ಹೆಜ್ಜೆ ಇಟ್ರೆ ಪೆದ್ದು. ದೊಡ್ಡ ಡಿಕ್ಷನರಿಲಿ ಇದೆ, ನಾನು ನೋಡ್ದೆ." ದೊಡ್ಡ ಡಿಕ್ಷನರಿ ಅವನ ಮೇಜಿನಿಂದ ಮೂರು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ಏಳಬೇಕಿತ್ತು, ತೆಗೆಯಬೇಕಿತ್ತು. ಎಲ್ಲರೂ ಅವನ ಮುಖ ನೋಡುತ್ತಿದ್ದರು, ಮುಂದಿನ ಜೋಕಿಗೆ ಕಾದವರ ಹಾಗೆ. "ಹಾಗಾದ್ರೆ ನಮ್ಮ ಆಫೀಸಲ್ಲಿ ಧನ್ಯರಿಗೆ ಬರ ಇಲ್ಲ ಬಿಡಿ," ಎಂದ ಅವನು, "ಕಿಟಕಿ ಕಡೆ ನೋಡಿದ್ರೆ ಸಾಕು." ಗ್ರಂಥಪಾಲಕಿಯ ಬಾಯಿಂದ ಚಹಾ ತುಳುಕಿತು. ಅತ್ತಿಗೆಯೂ ನಕ್ಕರು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಆಮೇಲೆ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು. ಅವನು ಅವರು ಒರೆಸುತ್ತಿರುವಾಗಲೇ ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿದ.

ಅತ್ತಿಗೆ ಒಳಗೆ ಬಂದರು. ನಮಸ್ಕಾರ ಹೇಳಿದರು. ಹಾದುಹೋಗುವಾಗ ಅವರ ಚೀಲದ ಅಂಚು ಅವನ ಮೇಜಿಗೆ ತಗುಲಿ, "ಸಾರಿ ಸರ್" ಎಂದರು. ಸರ್ ಎನ್ನಬೇಕೆಂದು ಹೇಳಿಕೊಟ್ಟವನೂ ಅವನೇ. ಸಂಬಂಧಿಕರು ಒಂದೇ ಕಡೆ ಕೆಲಸ ಮಾಡುವ ಹಾಗಿಲ್ಲ, ಅಂಥದೊಂದು ನಿಯಮ ಇರಬಹುದು ಎಂದು ಅವನು ಮನೆಯಲ್ಲಿ ಹೇಳಿದ್ದ. ಇರಬಹುದು ಎಂದಷ್ಟೇ ಹೇಳಿದ್ದು, ಸುಳ್ಳು ಹೇಳಿದಂತಾಗಬಾರದು ಎಂದು. ನಿಯಮ ಇರಲಿಲ್ಲ. ಇದ್ದದ್ದು ಬೇರೆ. ಅತ್ತಿಗೆಯ ಓದು ಹತ್ತನೇ ತರಗತಿಗೆ ನಿಂತಿತ್ತು. ಅಣ್ಣ ಹೋದ ಮೇಲೆ, ನಲವತ್ತು ದಾಟಿದ ಮೇಲೆ, ಹುಡುಗಿಯರ ನಡುವೆ ಕೂತು ಟೈಪಿಂಗ್ ಕಲಿತಿದ್ದರು. ಕೆಲವು ಇಂಗ್ಲಿಷ್ ಪದಗಳನ್ನು ಅಕ್ಷರ ಅಕ್ಷರ ಬಿಡಿಸಿ ಇದ್ದಂತೆ ಓದುತ್ತಿದ್ದರು. ನಕ್ಕರೆ ಪಕ್ಕದ ಕೋಣೆಗೂ ಕೇಳುತ್ತಿತ್ತು. ಮೊದಲ ದಿನ ಚಹಾದ ಹೊತ್ತಿನಲ್ಲಿ ಯಾರೋ, "ಯಾರ ಕಡೆಯಿಂದ ಬಂದ್ರಿ?" ಎಂದು ಕೇಳಿದ್ದರು. ಅತ್ತಿಗೆ ಅವನ ಕಡೆ ನೋಡಿದರು. ಅವನು ಲೋಟದೊಳಗೆ ನೋಡಿದ. "ಪೇಪರಲ್ಲಿ ಜಾಹೀರಾತು ನೋಡಿ ಬಂದೆ" ಎಂದರು ಅತ್ತಿಗೆ. ಆ ಸಂಜೆ ಸ್ಕೂಟರಿನಲ್ಲಿ ಅವರೇ ಹೇಳಿದ್ದರು, ಟೈಲರ್ ಅಂಗಡಿಯ ಹತ್ತಿರ ಇಳಿಸಿಬಿಡು ದಿನಾ, ನಂಗೆ ನಡೆದು ಅಭ್ಯಾಸ ಅಂತ. ಅವನು ಹೇಳಬೇಕಾದದ್ದನ್ನು ಅವರೇ ಹೇಳಿದ್ದಕ್ಕೆ ಅವನಿಗೆ ಎಷ್ಟು ನಿರಾಳವಾಗಿತ್ತೆಂದರೆ, ದಾರಿಯಲ್ಲಿ ನಿಲ್ಲಿಸಿ ಹಣ್ಣು ಕೊಂಡು ಮನೆಗೆ ಹೋಗಿದ್ದ.

ಹನ್ನೊಂದಕ್ಕೆ ಪ್ರಧಾನ ಸಂಪಾದಕರ ಕೋಣೆಯ ಗಂಟೆ ಬಾರಿಸಿತು. ಜವಾನ ಒಳಗೆ ಹೋಗಿ ಬಂದು, ಅವನ ಮೇಜನ್ನು ದಾಟಿ, ಕಿಟಕಿಯ ಬಳಿಗೆ ಹೋದ. ಟೈಪ್ ಮಿಷನ್ನಿನ ಸದ್ದು ನಿಂತಿತು. ದಿನವಿಡೀ ಕಿವಿಗೆ ಬೀಳದಿದ್ದ ಸದ್ದು ನಿಂತಾಗ ಕೋಣೆಯ ಒಂದು ಗೋಡೆ ತೆಗೆದ ಹಾಗಾಯಿತು. ಅತ್ತಿಗೆ ಎದ್ದು, ಕಾಗದ ಹಾರದಂತೆ ಅದರ ಮೇಲೆ ಕತ್ತರಿ ಇಟ್ಟು, ನಡೆದುಹೋದರು. ಕೋಣೆಯ ಬಾಗಿಲಿನ ಮೇಲರ್ಧ ಮಸುಕು ಗಾಜು. ಅದರಾಚೆ ಅವರ ಆಕಾರ ಕುರ್ಚಿಯಲ್ಲಿ ಕೂರದೆ ನಿಂತೇ ಇರುವುದು ಕಾಣುತ್ತಿತ್ತು. ಎದ್ದು ಹೋಗಿ ಬಾಗಿಲು ತಳ್ಳಿ, ಸರ್, ಅದು ನಾನು, ಎಂದರೆ ಮುಗಿಯಿತು. ಮೂರು ಪದ. ಅವನು ಎಡಗೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಅಲ್ಪವಿರಾಮದವರು ತಲೆ ಎತ್ತಿ, "ಏನು, ಸಾರ್, ಅವರನ್ನ, ಕರೆಸಿದ್ದು?" ಎಂದರು. "ಏನೋ, ಟೈಪಿಂಗಿನ ವಿಷಯ ಇರ್ಬೇಕು" ಎಂದ ಅವನು. ತನ್ನ ದನಿ ಎಷ್ಟು ಸಹಜವಾಗಿತ್ತೆಂದು ಅವನಿಗೇ ಕೇಳಿಸಿತು.

ಎಂಟನೇ ತರಗತಿಯಲ್ಲಿದ್ದಾಗ ಇಂಗ್ಲಿಷ್ ಮೇಷ್ಟರಿಗೆ ಹೆದರಿ ಅವನು ಮೂರು ದಿನ ಹೊಟ್ಟೆನೋವೆಂದು ಮಲಗಿದ್ದ. ಆಗ ಅತ್ತಿಗೆ ಮನೆಗೆ ಬಂದು ಆರು ತಿಂಗಳಾಗಿತ್ತು. ನಾಲ್ಕನೆಯ ದಿನ ಅವನನ್ನು ಅಡುಗೆಮನೆಯಲ್ಲಿ ಎದುರಿಗೆ ಕೂರಿಸಿಕೊಂಡು, ಪುಸ್ತಕ ಅವನ ಕಡೆಗೆ ತಿರುಗಿಸಿಟ್ಟು, ತಾವು ತರಕಾರಿ ಹೆಚ್ಚುತ್ತ ಒಂದೊಂದೇ ಪದದ ಕಾಗುಣಿತ ಕೇಳಿದ್ದರು. ಅವನು ತಪ್ಪಿದರೆ ಬಗ್ಗಿ ನೋಡಿ ತಿದ್ದುತ್ತಿದ್ದರು. ಎರಡು ವರ್ಷ ಹೀಗೆ ತಲೆಕೆಳಗಾದ ಅಕ್ಷರಗಳನ್ನೇ ಓದಿ ಓದಿ, ಅವರಿಗೆ ಎದುರು ಕೂತವರ ಪುಸ್ತಕವನ್ನು ನೆಟ್ಟಗಿರುವುದಕ್ಕಿಂತ ಬೇಗ ಓದುವುದು ಬರುತ್ತಿತ್ತು. ಬಸ್ಸಿನಲ್ಲಿ ಎದುರು ಸೀಟಿನವನು ಮಡಿಲಲ್ಲಿಟ್ಟುಕೊಂಡ ಪೇಪರನ್ನು ಪೂರ್ತಿ ಓದಿ, ಅವನಿಗಿಂತ ಮೊದಲು ಮುಗಿಸಿ, ಅವನು ಹಾಳೆ ತಿರುಗಿಸಲೆಂದು ಕಾಯುತ್ತಿದ್ದರು. ಅಣ್ಣ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವನು ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಶಾಲೆಗೇ ಮೊದಲು ಬಂದ ದಿನ ಅತ್ತಿಗೆ ಬೆರಳು ಕೊಯ್ದುಕೊಂಡದ್ದು ನೆನಪು, ಓಡಿ ಬಂದವನನ್ನು ನೋಡುವ ಆತುರದಲ್ಲಿ.

ಬಾಗಿಲು ತೆರೆಯಿತು. ಅತ್ತಿಗೆ ಹೊರಗೆ ಬಂದರು. ಅವನು ಕಾಗದದ ಮೇಲೆ ಬಗ್ಗಿ ಒಂದು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿದ, ಮತ್ತೆ ಅಲ್ಪಪ್ರಾಣ ಮಾಡಿದ. ಹೆಜ್ಜೆ ಸದ್ದು ಅವನ ಮೇಜಿನ ಬಳಿ ನಿಧಾನವಾಗುತ್ತದೆಂದು ಕಾದ, ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಟೈಪ್ ಮಿಷನ್ನಿನ ಸದ್ದು ಮೊದಲಿನಂತೆಯೇ, ಒಂದು ಅಕ್ಷರವೂ ತಡವರಿಸದೆ, ಶುರುವಾಯಿತು. ಅದು ತಡವರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವ ಮನಸ್ಸಾಗಲಿಲ್ಲ. ಆ ಡಬ್ಬಿಯಲ್ಲೂ ಅತ್ತಿಗೆಯ ಡಬ್ಬಿಯಲ್ಲೂ ಇರುವುದು ಒಂದೇ. ಯಾರಾದರೂ ಎರಡನ್ನೂ ಪಕ್ಕಪಕ್ಕ ನೋಡಿಯಾರೆಂದು ಅವನು ಯಾವಾಗಲೂ ತನ್ನ ಮೇಜಿನಲ್ಲೇ ಒಬ್ಬನೇ ತಿನ್ನುತ್ತಿದ್ದ, ಅದನ್ನು ಉಳಿದವರು ದೊಡ್ಡಸ್ತಿಕೆ ಎಂದುಕೊಂಡಿದ್ದರು. ಇವತ್ತು ಎದ್ದು ಚೀಟಿಗಳ ಕೋಣೆಗೆ ಹೋದ. ಸುಮ್ಮನೆ ಒಮ್ಮೆ ನೋಡಬೇಕು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಕಬ್ಬಿಣದ ಕಪಾಟುಗಳ ನಡುವೆ ತಣ್ಣಗೆ ಕಾಗದದ ವಾಸನೆ. ಆ ಅಕ್ಷರದ ಡ್ರಾಯರು ಎಳೆದು, ಬೆರಳ ತುದಿಯಿಂದ ಚೀಟಿಗಳನ್ನು ಹಿಂದಕ್ಕೆ ತಳ್ಳುತ್ತ ಹೋದ. ಚೀಟಿ ಸಿಕ್ಕರೆ ಏನು ಮಾಡುತ್ತಾನೆಂಬುದು ಅವನ ಕೈಗೆ ಗೊತ್ತಿತ್ತು; ಆ ಕೈ ಆಗಲೇ ಅಂಗಿಯ ಜೇಬಿನ ಗುಂಡಿ ಬಿಚ್ಚಿತ್ತು. ಚೀಟಿ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಒಂದು ಖಾಲಿ ಕಾರ್ಡು, ಅದರ ಮೇಲೆ ಹಸಿರು ಶಾಯಿಯಲ್ಲಿ: 'ನನ್ನ ಬಳಿ ಇದೆ.' ಹಿಂದಿನಿಂದ ಯಾರೋ ಕೆಮ್ಮಿದರು. ಗ್ರಂಥಪಾಲಕಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. "ಏನಾದ್ರೂ ಹುಡುಕಿಕೊಡ್ಲಾ ಸರ್?" "ಬೇಡ, ಬೇಡ. ಒಂದು ಉದಾಹರಣೆ ವಾಕ್ಯ ನೋಡ್ಬೇಕಿತ್ತು." ಅವರ ಕಣ್ಣು ಅವನ ಬಿಚ್ಚಿದ ಜೇಬಿನ ಮೇಲೆ ಒಂದು ಗಳಿಗೆ ನಿಂತು, ಬೇಕೆಂದೇ ಬೇರೆ ಕಡೆ ಹೋಯಿತು. ಆ ಕಣ್ಣಿನಲ್ಲಿ ಅನುಮಾನ ಇದ್ದಿದ್ದರೆ ಅವನು ಸಿಟ್ಟಾಗಬಹುದಿತ್ತು. ಅಲ್ಲಿದ್ದದ್ದು ಕನಿಕರ. ಯಾಕೆ ಕನಿಕರ ಎಂಬುದು ಅವನಿಗೆ ಅರ್ಥವಾಗಲಿಲ್ಲ.

ಮೂರು ಗಂಟೆಯವರೆಗೆ ಅವನು ಹದಿನಾಲ್ಕು ಪದ ನೋಡಿದ, ಒಂದೂ ತಲೆಗೆ ಹೋಗಲಿಲ್ಲ. ಆಮೇಲೆ ಎದ್ದ. ಧೈರ್ಯ ಬಂದು ಎದ್ದದ್ದೇನೂ ಅಲ್ಲ. ಕೂತಿರುವುದು ಏಳುವುದಕ್ಕಿಂತ ಕಷ್ಟವಾಗಿತ್ತು. ಪ್ರಧಾನ ಸಂಪಾದಕರು ಕಿವಿಯ ಹತ್ತಿರ ಹಿಡಿದು ತಮ್ಮ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. "ಕೂತ್ಕೊಳ್ಳಿ" ಎಂದರು. ಅವನು ನಿಂತೇ ಇದ್ದ.

"ಸರ್, ಆ ವಿವರಣೆ. ಅದು ಸರಿ ಇಲ್ಲ."

"ವ್ಯಾಕರಣವಾ?"

"ಅಲ್ಲ ಸರ್. ಅದನ್ನ ಹೊಡೆದುಹಾಕಿದ್ದು ನಾನು. ಅವರು ಬರೆದಿದ್ರು. ಸರಿಯಾಗೇ ಬರೆದಿದ್ರು."

ಪ್ರಧಾನ ಸಂಪಾದಕರು ಗಡಿಯಾರ ಕೆಳಗಿಟ್ಟು, ಮೇಜಿನ ಮೇಲಿದ್ದ ಕಡತ ತೆರೆದರು. ಚೀಟಿ ಅದರ ಮೇಲೇ ಇತ್ತು. ದುಂಡನೆಯ ಅಕ್ಷರ, ಕೆಂಪು ಗೆರೆ, ಚಿಕ್ಕ ಸಹಿ. ಒಂದೂವರೆ ವರ್ಷದಲ್ಲಿ ಕೆಂಪು ಸ್ವಲ್ಪವೂ ಮಾಸಿರಲಿಲ್ಲ.

"ನಾನು ನಿನ್ನೆನೇ ತರಿಸಿ ನೋಡಿದ್ದೆ, ನೀವು ವಿವರಣೆ ಬರೆಯೋಕೆ ಮುಂಚೆ," ಎಂದರು. "ಬೆಳಿಗ್ಗೆ ಆಕೆಯನ್ನ ಕರೆದು ಕೇಳಿದೆ. ಏನಮ್ಮಾ, ಟೈಪ್ ಮಾಡುವಾಗ ಬಿಟ್ಟುಹೋಯ್ತಾ ಅಂತ. ಬಿಟ್ಟುಹೋಗಿರಬಹುದು ಸರ್, ನಂದೇ ತಪ್ಪು ಅಂದ್ರು. ಇನ್ನೊಂದು ಸಲ ಕೇಳಿದೆ. ಅದೇ ಉತ್ತರ. ಚೀಟಿ ನನ್ನ ಕಡೆಗೆ ತಿರುಗಿತ್ತು, ಆಕೆಗೆ ಕಾಣಿಸಿರಲಿಕ್ಕಿಲ್ಲ."

ಕಾಣಿಸಿತ್ತು. ಅವನಿಗೆ ಮಾತ್ರ ಗೊತ್ತಿತ್ತು, ಎಷ್ಟು ಚೆನ್ನಾಗಿ ಕಾಣಿಸಿರುತ್ತದೆಂದು. ತಮ್ಮ ಅಕ್ಷರವನ್ನೂ ಅದರ ಮೇಲಿನ ಅವನ ಗೆರೆಯನ್ನೂ ಸಹಿಯನ್ನೂ ಓದಿಕೊಂಡು, ನಿಂತಲ್ಲೇ, ಎರಡು ಸಲ, ನಂದೇ ತಪ್ಪು ಎಂದಿದ್ದರು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಸರ್, ಇನ್ನೊಂದು ವಿಷಯ. ಅವರು ನನ್ನ ಅತ್ತಿಗೆ. ಸ್ವಂತ ಅಣ್ಣನ ಹೆಂಡತಿ."

"ಗೊತ್ತು."

"ಸರ್?"

"ಎಲ್ಲರಿಗೂ ಗೊತ್ತು ಮಾರಾಯ್ರೆ. ಆ ಟೈಲರ್ ನಮ್ಮ ಅಲ್ಪವಿರಾಮದ ಭಾವಮೈದ. ಆಕೆ ಸೇರಿದ ತಿಂಗಳಲ್ಲೇ ಗೊತ್ತಾಯ್ತು." ಅವರು ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದರು. "ನಮಗೆ ಗೊತ್ತು ಅಂತ ನಿಮಗೆ ಗೊತ್ತಾದ್ರೆ ನಿಮಗೆ ಕಷ್ಟ ಆಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ಆಕೆಯೇ ಕೇಳ್ಕೊಂಡಿದ್ರು."

ಎಂಟು ವರ್ಷ. ಎಂಟು ವರ್ಷದ ಪ್ರತಿ ಬೆಳಿಗ್ಗೆ ಅವನು ಮುಖ ಗಂಟಿಕ್ಕಿಕೊಂಡು ಒಳಬರುವುದನ್ನು, ಏಳು ನಿಮಿಷ ಬಿಟ್ಟು ಅತ್ತಿಗೆ ಬರುವುದನ್ನು, ಅವನು ತಲೆಯೆತ್ತದೆ ನಮಸ್ಕಾರಕ್ಕೆ ಹೂಂಗುಟ್ಟುವುದನ್ನು ಆ ಕೋಣೆಯ ಅಷ್ಟೂ ಜನ ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡು, ಸುಮ್ಮನೆ ತಲೆ ತಗ್ಗಿಸಿದ್ದರು. ಆ ದಿನ ಚಹಾದ ಹೊತ್ತಿನಲ್ಲಿ ಅವನು ಕಿಟಕಿಯ ಕಡೆ ನೋಡಿ ಎಂದಾಗಲೂ ಅವರಿಗೆ ಗೊತ್ತಿತ್ತು. ನಕ್ಕದ್ದು ಯಾವುದಕ್ಕೆ? ಗ್ರಂಥಪಾಲಕಿಯ ಬಾಯಿಂದ ತುಳುಕಿದ್ದು ನಗುವೋ ಬೇರೇನೋ? ಪಾಪ, ಅಂದುಕೊಂಡಿರಬೇಕು. ಮುಖ ಮುಚ್ಚಿಕೊಂಡು ತಾನು ಯಾರಿಗೂ ಕಾಣುತ್ತಿಲ್ಲ ಎಂದು ನಿಂತ ಮಗುವನ್ನು ನೋಡಿ ದೊಡ್ಡವರು, ಎಲ್ಲಿ ಹೋದ, ಎಲ್ಲಿ ಹೋದ, ಎನ್ನುವ ಹಾಗೆ ಎಂಟು ವರ್ಷ ಅವನನ್ನು ಆಡಿಸಿದ್ದರು. "ಹೋಗಿ," ಎಂದರು ಪ್ರಧಾನ ಸಂಪಾದಕರು. "ಪ್ರೊಫೆಸರಿಗೆ ನೀವೇ ಕಾಗದ ಬರೀರಿ. ಈ ಸಲ ಕರ್ತೃ ಇರೋ ವಾಕ್ಯದಲ್ಲಿ."

ಆ ಕಾಗದ ಬರೆಯಲು ಅವನಿಗೆ ಎರಡು ಗಂಟೆ ಹಿಡಿಯಿತು. 'ನಾನು' ಎಂಬ ಪದದಿಂದ ಶುರುಮಾಡಿದ ವಾಕ್ಯಗಳೆಲ್ಲ ಬಡಾಯಿಯ ಹಾಗೆ ಕೇಳಿಸುತ್ತಿದ್ದವು. ತಪ್ಪೊಪ್ಪಿಗೆಯಲ್ಲೂ ತನ್ನ ಪ್ರಾಮಾಣಿಕತೆಯನ್ನು ಎತ್ತಿ ಹಿಡಿದಂತೆ ಕಾಣುತ್ತಿತ್ತು. ಕೊನೆಗೆ, 'ನಮ್ಮ ಟೈಪಿಸ್ಟರು ಈ ಅರ್ಥವನ್ನು ಹುಡುಕಿ ಬರೆದಿದ್ದರು. ನಾನು ಪರಿಶೀಲಿಸದೆ ಹೊಡೆದುಹಾಕಿದೆ. ಅವರು ನನ್ನ ಅತ್ತಿಗೆ' ಎಂದು ಬರೆದ. ಕೊನೆಯ ವಾಕ್ಯ ಪ್ರೊಫೆಸರಿಗೆ ಯಾಕೆ ಬೇಕು ಎಂದು ಅದನ್ನು ಹೊಡೆದ. ಹೊಡೆದದ್ದು ಕಂಡು ನಾಚಿಕೆಯಾಗಿ, ಬೇರೆ ಹಾಳೆಯಲ್ಲಿ ಪೂರ್ತಿ ಮತ್ತೆ ಬರೆದು, ಅದನ್ನು ಉಳಿಸಿ, ಲಕೋಟೆಗೆ ಹಾಕಿ ಅಂಟಿಸಿದ.

ಐದೂವರೆಗೆ ಅತ್ತಿಗೆ ಎಂದಿನಂತೆ ಮೊದಲು ಹೊರಟರು. ಅವನು ಅವರ ಹಿಂದೆಯೇ ಓಡಿಬಂದು, ಸ್ಕೂಟರು ತೆಗೆದು ಗೇಟಿನ ಬಳಿ ಅವರ ಪಕ್ಕ ನಿಲ್ಲಿಸಿದ. ಅಲ್ಪವಿರಾಮದವರು ಛತ್ರಿ ಹುಡುಕುವ ನೆಪದಲ್ಲಿ ಹಿಂದೆಯೇ ಉಳಿದರು.

"ಅತ್ತಿಗೆ, ಇಲ್ಲಿಂದಲೇ ಹತ್ತಿ."

ಅವರು ಅವನ ಮುಖ ನೋಡಿದರು. ಒಳಗೆ ಏನಾಗಿದೆಯೆಂದು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಹತ್ತಿ ಕೂತರು. ಟೈಲರ್ ಅಂಗಡಿಯ ಮುಂದೆ ಅವನ ಕಾಲು ತಾನಾಗಿಯೇ ಬ್ರೇಕು ಒತ್ತಿ, ಸ್ಕೂಟರು ಮುಗ್ಗರಿಸಿ, ಮತ್ತೆ ಹೊರಟಿತು. ಟೈಲರು ಬಟ್ಟೆಯ ಮೇಲಿಂದ ಕಣ್ಣೆತ್ತಿ ನೋಡಿದ. ಸಿಗ್ನಲಿನಲ್ಲಿ ನಿಂತಾಗ ಅವನು ಹಿಂದಕ್ಕೆ ತಿರುಗದೆ ಹೇಳಿದ, "ನಾನು ಆ ಮಾತು ಬರೀಬಾರ್ದಿತ್ತು. ಅವತ್ತು ನಗಬಾರ್ದಿತ್ತು. ಅಷ್ಟೇ ಅಲ್ಲ, ಶುರುವಿನಿಂದಲೇ…"

"ನಿನ್ನ ಅಣ್ಣನ್ನ ಎಲ್ಲರೂ ಸಾಧು ಅಂತಿದ್ರು," ಎಂದರು ಅತ್ತಿಗೆ. "ಪಾಪ, ಸಾಧು ಮನುಷ್ಯ ಅಂತ. ಹೆಣ ಮುಂದಿಟ್ಕೊಂಡೂ ಅದೇ ಅಂದ್ರು. ಅದು ಹೊಗಳಿಕೆಯೋ ಬೈಗುಳವೋ ಅಂತ ನಂಗೆ ಕೊನೇವರೆಗೂ ತಿಳೀಲಿಲ್ಲ. ಅದಕ್ಕೇ ಆ ಪದ ಬಂದಾಗ ಹುಡುಕಿದ್ದು. ನಿಘಂಟಿಗೆ ಅಂತ ಅಲ್ಲ."

ಸಿಗ್ನಲು ಬಿಟ್ಟಿತು. ಹಿಂದಿನ ಗಾಡಿ ಹಾರನ್ ಮಾಡಿತು. ಅವನಿಗೆ ಗೇರು ಬೀಳಲು ಒಂದು ಕ್ಷಣ ಹಿಡಿಯಿತು. ಅಣ್ಣನ ಮೇಲೆ ಎಳೆದ ಗೆರೆ ಅದು ಎಂದು ಅವನು ಎಂದೂ ಯೋಚಿಸಿರಲಿಲ್ಲ.

"ಈ ಭಾನುವಾರ ನಿಂಗೆ ಏನಾದ್ರೂ ಕೆಲಸ ಇದ್ಯಾ?" ಎಂದರು ಅತ್ತಿಗೆ ಸ್ವಲ್ಪ ದೂರ ಹೋದ ಮೇಲೆ. "ನಂದು ಒಂದಿಷ್ಟು ಸಾಮಾನು ಸಾಗಿಸ್ಬೇಕು. ಕಚೇರಿ ಹಿಂದಿನ ಬೀದಿಲಿ ಒಬ್ಬ ನರ್ಸಮ್ಮ ಇದ್ದಾರೆ, ರಿಟೈರಾದೋರು. ಅವರ ಮನೆ ಮಹಡಿ ಮೇಲೆ ಒಂದು ರೂಮು. ಮಾತಾಡಿ ಆಗಿದೆ."

"ನನ್ನಿಂದ ಹೀಗಾಯ್ತು."

"ಹೋದ ತಿಂಗಳೇ ಮಾತಾಡಿದ್ದು ಕಣೋ. ನಿನ್ನ ಹೆಂಡತಿಗೂ ಹೇಳಿದೀನಿ. ನಂಗೂ ಒಂದು ಕೋಣೆ ಬೇಕು ಅನ್ನಿಸ್ತು, ದೀಪ ಹಾಕ್ಕೊಂಡು ಓದೋಕೆ, ಬೇಕಾದಷ್ಟು ಹೊತ್ತು. ಎಲ್ಲಾ ನಿನ್ನಿಂದಲೇ ಆಗ್ಬೇಕಾ?" ಎಂದು ಅವರು ಜೋರಾಗಿಯೇ ನಕ್ಕರು. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ತಿರುಗಿ ನೋಡಿದ. ತನ್ನಿಂದಲೇ ಆಯಿತು ಎಂದಿದ್ದರೆ ಅವನು ಬೇಡಿಕೊಳ್ಳಬಹುದಿತ್ತು, ಅಳಬಹುದಿತ್ತು, ಹೋಗಬೇಡಿ ಎನ್ನಬಹುದಿತ್ತು. ಆ ಜಾಗವನ್ನೂ ಅವರು ಅವನಿಗೆ ಬಿಟ್ಟಿರಲಿಲ್ಲ. ಮನೆ ಮುಟ್ಟಿ ಅತ್ತಿಗೆ ಭಾನುವಾರದ ಮಾತೆತ್ತಿದಾಗ ಹೆಂಡತಿ ಇಬ್ಬರಿಗೂ ನೀರು ಕೊಟ್ಟು, ಅವನೊಬ್ಬನಿಗೇ ಕೇಳುವ ಹಾಗೆ, "ಇವತ್ತಾದ್ರೂ ಹೇಳಿದ್ರಲ್ಲ ಅವರು. ನಿಮ್ಮ ಮುಂದೆ ಹೇಗೆ ಹೇಳೋದು ಅಂತ ಒಂದು ತಿಂಗಳಿಂದ ಒದ್ದಾಡ್ತಿದ್ರು" ಎಂದಳು. ಅವರು ಒದ್ದಾಡುತ್ತಿದ್ದ ಆ ತಿಂಗಳಿಡೀ ಅವನು ಪದಗಳ ಒದ್ದಾಟದಲ್ಲಿದ್ದ.

ಭಾನುವಾರ ಬೆಳಿಗ್ಗೆ ಆಟೊರಿಕ್ಷಾ ಒಂದರಲ್ಲೇ ಎಲ್ಲವೂ ಹಿಡಿಸಿತು. ಒಂದು ಟ್ರಂಕು, ಹಾಸಿಗೆ, ಟೇಬಲ್ ಲ್ಯಾಂಪು, ಭೂತಗನ್ನಡಿ, ಕಚೇರಿಯವರು ರದ್ದಿಗೆಂದು ಹೊರಹಾಕಿದ್ದ ಹಳೆಯ ನಿಘಂಟಿನ ಬೈಂಡು ಕಿತ್ತ ಸಂಪುಟಗಳು ತುಂಬಿದ ರಟ್ಟಿನ ಪೆಟ್ಟಿಗೆ. ಇಪ್ಪತ್ತೇಳು ವರ್ಷ ಒಂದು ಮನೆಯಲ್ಲಿ ಇದ್ದವರ ಸಾಮಾನು ಇಷ್ಟೇ ಎಂದು ಅವನಿಗೆ ಮೊದಲು ತಿಳಿದಿರಲಿಲ್ಲ. ಅತ್ತಿಗೆ ಲ್ಯಾಂಪು ಹಿಡಿದು ಮುಂದೆ ಹತ್ತಿದರು. ಅವನು ಪುಸ್ತಕದ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ. ಹೊರಗೋಡೆಗೆ ಅಂಟಿದ ಕಡಿದಾದ ಮೆಟ್ಟಿಲು, ಒಂದು ಕಡೆ ಮಾತ್ರ ಸರಳು. ಆರನೆಯ ಮೆಟ್ಟಿ​ಲಿಗೆ ಪುಸ್ತಕಗಳ ಭಾರಕ್ಕೆ ಕತ್ತು ಒಂದು ಬದಿಗೆ ವಾಲಿತು. ಮೇಲಿನ ಮೆಟ್ಟಿಲಲ್ಲಿ ಒದ್ದೆ ಬಟ್ಟೆ ಹಿಡಿದ ಒಬ್ಬ ದಪ್ಪನೆಯ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನರ್ಸಮ್ಮ ಇರಬೇಕು.

"ಯಾರಪ್ಪಾ ನೀವು? ಗಾಡಿಯವರಾ?"

ಅವನು ನಿಂತ. ಮೇಲೆ ಬಾಗಿಲ ಬೀಗಕ್ಕೆ ಕೀಲಿ ಹಾಕುತ್ತಿದ್ದ ಅತ್ತಿಗೆಯ ಕೈಯೂ ನಿಂತದ್ದು ಪೆಟ್ಟಿಗೆಯ ಅಂಚಿನ ಆಚೆ ಕಾಣಿಸಿತು. ಅವರು ತಿರುಗಲಿಲ್ಲ. ಅವನು ಉಸಿರೆಳೆದುಕೊಂಡು, ಎದುರು ಮನೆಯ ಕಿಟಕಿಯೂ ತೆರೆಯುವ ಹಾಗೆ, ಬೇಕಾದದ್ದಕ್ಕಿಂತ ಎಷ್ಟೋ ಜೋರಾಗಿ ಹೇಳಿದ, "ನಾನು ಇವರ ಮೈದುನ. ಇವರು ನನ್ನ ಅತ್ತಿಗೆ. ನಂಗೆ ಇಂಗ್ಲಿಷ್ ಕಲಿಸಿದೋರು."

"ಹಾಂ, ಆಯ್ತು, ಕಿರುಚ್ಬೇಡಿ, ನಂಗೆ ಕಿವಿ ಕೇಳ್ಸುತ್ತೆ" ಎಂದರು ನರ್ಸಮ್ಮ. "ಮೈದುನ ಇದಾರೆ ಅಂತ ಇವರು ಹೇಳಿರ್ಲಿಲ್ಲ. ಯಾರೇ ಆಗ್ಲಿ, ಚಪ್ಪಲಿ ಕೆಳಗೆ ಬಿಟ್ಟು ಬನ್ನಿ. ಈಗಷ್ಟೇ ಒರೆಸಿದೀನಿ."

ಬೀಗ ತೆರೆದ ಸದ್ದಾಯಿತು. ಅವನು ಪೆಟ್ಟಿಗೆಯನ್ನು ಇಳಿಸುವ ಹಾಗಿರಲಿಲ್ಲ, ಇಳಿಸಿದರೆ ಒಬ್ಬನೇ ಮತ್ತೆ ಎತ್ತುವ ಹಾಗಿರಲಿಲ್ಲ. ಹೆಗಲ ಮೇಲೆ ಹೊತ್ತಂತೆಯೇ, ಒಂದು ಕೈಯಲ್ಲಿ ಸರಳು ಹಿಡಿದು, ಹಿಂದಕ್ಕೆ ಹಿಂದಕ್ಕೆ, ಕಾಲಿನಿಂದ ಒಂದೊಂದೇ ಮೆಟ್ಟಿಲು ತಡವರಿಸಿ ಹುಡುಕುತ್ತ, ಅವನು ಕೆಳಗೆ ಇಳಿಯತೊಡಗಿದ.